ಇಮ್ಮಡಿ ಕಾರ್ಯದರ್ಶಿಗಳು

ಬಡಾವಣೆಗೊಂದು ಗಣೇಶೋತ್ಸವ ಸಮಿತಿಯೂ, ಸಮಿತಿಗೊಬ್ಬ ಕಾರ್ಯದರ್ಶಿಯೂ, ಆ ಕಾರ್ಯದರ್ಶಿಗೆ ಗಣಿತದಲ್ಲಿ ಅಚಲವಾದ ಆತ್ಮವಿಶ್ವಾಸವೂ ಇರುವವರೆಗೆ ಮುದ್ರಕರಿಗೆ ನೆಮ್ಮದಿಯೆಂಬುದು ದುರ್ಲಭವೇ ಸರಿ. ಈ ಜಾತಿಯವರು ಕೈಯಲ್ಲೊಂದು ಚಿತ್ರವನ್ನು ಹಿಡಿದು, ಕಂಕುಳಲ್ಲೊಂದು ಅಡಿಪಟ್ಟಿಯನ್ನು ಇರುಕಿಕೊಂಡು ಬರುತ್ತಾರೆ. ಆದರೆ ಅಡಿಪಟ್ಟಿಯನ್ನು ಹೊರತೆಗೆಯುವುದು ಮುದ್ರಕನ ತಪ್ಪನ್ನು ಎತ್ತಿ ತೋರಿಸುವುದಕ್ಕೆ ಮಾತ್ರ.

ನಮ್ಮ ಕಾರ್ಯದರ್ಶಿಗಳು, ಸಮಿತಿಯ ಸದಸ್ಯನೆಂಬ ಅಪರಾಧಕ್ಕಾಗಿ ನನ್ನನ್ನೂ ಎಳೆದುಕೊಂಡು, ಎ-4 ಹಾಳೆಯ ತುಂಬ ಬರೆಸಿದ್ದ ವಿಘ್ನೇಶ್ವರನನ್ನು ಎ-3 ಭಿತ್ತಿಪತ್ರಕ್ಕೆ ಹಿಗ್ಗಿಸಲು ಹೊರಟರು.

“ಎ-3 ಅಂದ್ರೆ ಎ-4ರ ಎರಡರಷ್ಟು. 200 ಇಡಪ್ಪ.”

“141 ಸಾಕು ಸಾರ್,” ಎಂದನು ಜೆರಾಕ್ಸ್ ಹುಡುಗ.

“ನೀನು ಎಷ್ಟರವರೆಗೆ ಓದಿದ್ದೀಯ?”

ಹುಡುಗನು ಮಾತನಾಡದೆ 200 ಒತ್ತಿದನು. ಉದ್ದವೂ ಅಗಲವೂ ಎರಡರಷ್ಟಾದಾಗ ಕ್ಷೇತ್ರಫಲವು ನಾಲ್ಕರಷ್ಟಾಗುವುದೆಂಬ ನಿಯಮಕ್ಕೆ ಕಾರ್ಯದರ್ಶಿಗಳೆಂಬ ದಾಕ್ಷಿಣ್ಯವಿಲ್ಲವಾದ್ದರಿಂದ, ಅಡ್ಡಲಾಗಿ ಹೊರಬಂದ ಹಾಳೆಯಲ್ಲಿ ಕಿರೀಟದಿಂದ ಉದರದ ನಡುವಿನವರೆಗೆ ಮಾತ್ರ ದೇವರ ದರ್ಶನವಾಯಿತು; ಪಾದಗಳೂ ಮೂಷಕವೂ ಉತ್ಸವದ ದಿನಾಂಕವೂ ಅಂತರ್ಧಾನವಾಗಿದ್ದವು. ಕೂಡಲೇ ಅಡಿಪಟ್ಟಿ ಹೊರಬಂದಿತು. ಹಾಳೆಯಲ್ಲಿ ಮೋಸವಿರಲಿಲ್ಲ: 297 ಮಿಲಿಮೀಟರಿಗೆ 420. ಮೂಲವು 210ಕ್ಕೆ 297. ಹುಡುಗನು ರದ್ದಿ ಕಾಗದದ ಮೇಲೆ 297ನ್ನು 210ರಿಂದ ಭಾಗಿಸಿ, 1.41 ಬಂದುದನ್ನು ತೋರಿಸಿದಾಗ, ಕಾರ್ಯದರ್ಶಿಗಳು ಅದನ್ನು ಅಂಗಡಿಯವರು ಇಳಿಸಿದ ದರವೆಂದೇ ಭಾವಿಸಿದರೋ ಏನೋ, “ಹೋಗಲಿ, 140ಕ್ಕೆ ಮುಗಿಸು” ಎಂದರು.

150ಕ್ಕೆ ಹಿಗ್ಗಿಸಿದ್ದನ್ನು ಮೊದಲಿನ ಅಳತೆಗೆ ತರಲು ಇವರು ಯಂತ್ರವನ್ನು 50ಕ್ಕೆ ಇಡಿಸುವರು. ಇಡಬೇಕಾದದ್ದು 67, ಕೈಗೆ ಬರುವುದು ಮುಕ್ಕಾಲು ಗಣಪ. ಚೌಕವಾದ ಚಿತ್ರವನ್ನು ಉದ್ದನೆಯ ಬ್ಯಾನರಿಗೆ ಜಗ್ಗಿಸಿ ಲಂಬೋದರನಿಗೆ ಇನ್ನಷ್ಟು ಉದರವನ್ನು ದಯಪಾಲಿಸುವವರೂ ಇವರೇ.

ಆದರೂ ಕೆಟ್ಟ ಹಾಳೆಗಳ ಹಣವನ್ನು ಅವರು ಸಮಿತಿಯ ಲೆಕ್ಕಕ್ಕೆ ಬರೆಯದೆ ಸ್ವಂತ ಜೇಬಿನಿಂದ ತೆತ್ತರು. ದೇವರನ್ನು ರದ್ದಿಗೆ ಹಾಕಲು ಮನಸ್ಸೊಪ್ಪದೆ ಆ ಅರ್ಧ ಗಣಪನಿಗೆ ಮನೆಯಲ್ಲಿ ಕಟ್ಟು ಹಾಕಿಸಿದರು. ಬಿಸಿಲಿನಲ್ಲಿ ಮನೆಮನೆಗೆ ಅಲೆದು ಚಂದಾ ಎತ್ತಿದವರೂ ಅವರೇ. ಲೆಕ್ಕ ಬಲ್ಲೆನೆಂದು ಬೀಗುವ ನಾನಾದರೋ ಒಂದು ಗೇಟಿನ ಅಗುಳಿಯನ್ನೂ ತೆಗೆದವನಲ್ಲ.

ನಿಮಗೂ ಇಂಥ ಕೆಲಸ ಬಿದ್ದರೆ, ಬೇಕಾದ ಅಗಲವನ್ನು ಇರುವ ಅಗಲದಿಂದ ಭಾಗಿಸಿ ನೂರರಿಂದ ಗುಣಿಸಿರಿ, ಉದ್ದಕ್ಕೂ ಹಾಗೆಯೇ ಮಾಡಿ ಎರಡರಲ್ಲಿ ಕಡಿಮೆ ಬಂದುದನ್ನು ಯಂತ್ರಕ್ಕೆ ಇಡಿಸಿರಿ. ಕಾರ್ಯದರ್ಶಿಗಳು ಪಕ್ಕದಲ್ಲಿದ್ದರೆ, ಲೆಕ್ಕ ಹೇಳಿಕೊಟ್ಟವರು ಅವರೇ ಎಂದು ಸಮಿತಿಗೆ ತಿಳಿಸಿರಿ.