ಶುಕ್ರವಾರದ ಅರ್ಧ ಗಂಟೆ

ತರೀಕೆರೆಯ ಒಂದು ಅಡಿಕೆ ಮಂಡಿ. ಗಾದಿ ಮೇಲೆ ಸಾಹುಕಾರರು, ಎದುರಿಗೆ ಲೆಕ್ಕ ಬರೆಯುವ ಸಾಬರು.

"ಸಾಬ್ರೇ, ಶುಕ್ರವಾರದ ಅರ್ಧ ಗಂಟೆ ಇನ್ಮೇಲೆ ಆಗಲ್ಲ. ಕೆಲಸದ ಜಾಗಕ್ಕೆ ಧರ್ಮ ತರಬಾರದು."

"ಆಯ್ತು ಸಾಹುಕಾರ್ರೇ. ನಾಳೆ ಅಮಾವಾಸ್ಯೆ, ತಕ್ಕಡಿ ಪೂಜೆಗೆ ಬೂದುಗುಂಬಳ ಎಷ್ಟು ತರಿಸ್ಲಿ?"

"ಎರಡು. ಅದು ಧರ್ಮ ಅಲ್ಲ ಮಾರಾಯ್ರೇ, ಪದ್ಧತಿ."

"ಅಜ್ಜಂಪುರದ ಗೌಡ್ರು ನನ್ನ ಲೆಕ್ಕ ಬಿಟ್ಟು ಬೇರೆಯವರದ್ದು ನಂಬಲ್ಲ."

"ನಂಬಿಕೆ ಬೇರೆ, ನಮಾಜು ಬೇರೆ."

"ಸಂವಿಧಾನದ 16ನೇ ವಿಧಿ..."

"ಕಡೂರಿನ ವಕೀಲರ ಹತ್ರ ಓದಿಸಿದ್ದೀನಿ. ಅದು ಸರ್ಕಾರಿ ನೌಕರಿಗೆ. ನನ್ನ ಮಂಡಿ ಸರ್ಕಾರನಾ?" (ಕಾನೂನಿನ ತೂತು ಮಾತ್ರ ಎಲ್ಲರಿಗೂ ಕಂಠಪಾಠ.)

"ಹಾಗಾದ್ರೆ ಅದನ್ನೇ ಬರೆದು, ತಾರೀಖು ಹಾಕಿ, ರುಜು ಮಾಡಿಕೊಡಿ."

"ಅಯ್ಯೋ, ಬರಹ ಯಾಕೆ? ನಾವೇನು ಭೇದ ಮಾಡೋರಾ? ಕಾಫಿ ಕುಡೀರಿ."

ಕಾಫಿ ಬಂತು. ಸಾಹುಕಾರರಿಗೆ ಸ್ಟೀಲ್ ಲೋಟ, ಸಾಬರಿಗೆ ಪೇಪರ್ ಕಪ್ಪು. ಎರಡರಲ್ಲೂ, ಬಾಬಾ ಬುಡನ್ ಎಂಬ ಸೂಫಿ ಯೆಮನ್‌ನಿಂದ ಏಳು ಬೀಜ ತಂದು ನೆಟ್ಟರೆಂದು ಜನ ಹೇಳುವ ಗಿರಿಯದೇ ಪುಡಿ.

ಸಾಹುಕಾರರು ಕಣ್ಣು ಮುಚ್ಚಿ ಘಮ ಎಳೆದರು.

"ಏನೇ ಹೇಳಿ ಸಾಬ್ರೇ, ನಮ್ಮೋರ ಕಾಫಿ!"