ನೀರು ಉಳಿತಾಯ ಸಮಿತಿ

ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಲ್ಲಿ ಬೆಟ್ಟ ಹತ್ತಿದಂತೆ ಏರಿ ಬರುತ್ತದೆ. ಪ್ರತಿ ಹನಿಯಲ್ಲೂ ವಿದ್ಯುತ್ ಖರ್ಚಿದೆ. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು 2024ರ ಮಾರ್ಚ್‌ನಲ್ಲಿ ಆದೇಶವಾಯಿತು. ಅಂಥ ಆದೇಶ ಬಂದಾಗ ಅಪಾರ್ಟ್‌ಮೆಂಟ್ ಸಭೆಗಳು ಹೀಗೆ ನಡೆಯುತ್ತವೆ:

ಅಧ್ಯಕ್ಷರು: ನೀರು ಉಳಿಸಲೇಬೇಕು. ಯಾರ ಮನೆಯಿಂದ ಶುರು ಮಾಡೋಣ?

ಕಾರ್ಯದರ್ಶಿ: ಪಕ್ಕದ ಮನೆಯಿಂದ, ಸಾರ್.

ಪ್ಲಂಬರ್: ನಲ್ಲಿಗೆ ಏರೇಟರ್ ಹಾಕಿಸಿ. ಗಾಳಿ ಬೆರೆತು ಬರುತ್ತೆ, ಕಡಿಮೆ ನೀರಲ್ಲೇ ಕೈ ತೊಳೀಬಹುದು.

ಅಧ್ಯಕ್ಷರು: ಅದಕ್ಕೆ ದುಡ್ಡು ಯಾರು ಕೊಡ್ತಾರೆ? ಟ್ಯಾಂಕರ್ ತರಿಸಿ.

ಕಾರ್ಯದರ್ಶಿ: ಮಳೆಕೊಯ್ಲೂ ನಮ್ಮಲ್ಲಿದೆ ಸಾರ್, ಕಡತದಲ್ಲಿ. ಪೈಪು ಮಾತ್ರ ಚರಂಡಿಗೆ ಸೇರಿದೆ.

ಪ್ಲಂಬರ್: 100 ಚದರ ಮೀಟರ್ ತಾರಸಿಗೆ 900 ಮಿಲಿಮೀಟರ್ ಮಳೆ ಬಿದ್ದರೆ 90 ಸಾವಿರ ಲೀಟರ್!

ಅಧ್ಯಕ್ಷರು: ಅಷ್ಟು ನೀರು ಇಡೋದೆಲ್ಲಿ? ಸಂಪಿನ ಜಾಗದಲ್ಲಿ ನನ್ನ ಎರಡನೇ ಕಾರಿದೆಯಲ್ಲ!

ಸಭೆ ಮುಗಿಯುವಾಗ ‘ನೀರೇ ಜೀವ’ ಎಂಬ ಫಲಕಕ್ಕೆ ಒಮ್ಮತದ ಮಂಜೂರಾತಿ ಸಿಗುತ್ತದೆ. ಫಲಕವನ್ನು ದಿನವೂ ತೊಳೆಯಬೇಕೆಂಬ ತಿದ್ದುಪಡಿಯೂ ಸೇರುತ್ತದೆ. ಪೈಪು ಸರಿಮಾಡಿದರೆ ನೀರು ಉಳಿಯುತ್ತದೆ. ಬರೀ ನಿರ್ಣಯ ಮಾಡಿದರೆ ಕಡತ ಉಳಿಯುತ್ತದೆ.