ಬಾದಾಮಿ ಹಿಟ್ಟಿನವರ ಸನ್ನಿಧಾನಕ್ಕೆ

ಶ್ರೀಮಾನ್ ಬಾದಾಮಿ ಹಿಟ್ಟಿನವರಿಗೆ, ಹಿರೇಕೆರೂರಿನ ರೊಟ್ಟಿ ಹಂಚಿನ ಪರವಾಗಿ ಸಾಷ್ಟಾಂಗ ನಮಸ್ಕಾರಗಳು.

ಬೆಂಗಳೂರಿನಿಂದ ಹಬ್ಬಕ್ಕೆ ಬರುವ ನಮ್ಮ ಹುಡುಗರ ಬ್ಯಾಗಿನಲ್ಲಿ ಕೂತು, ಕ್ಯಾಲಿಫೋರ್ನಿಯಾದ ತೋಟ ಬಿಟ್ಟು ತಾವು ಇಲ್ಲಿಯವರೆಗೆ ದಯಮಾಡಿಸಿದ್ದು ಸಂತೋಷ. ಜೋಳ, ಗೋಧಿ, ಅಕ್ಕಿ, ಮೈದಾ ಎಲ್ಲರನ್ನೂ ಪಂಕ್ತಿಯಿಂದ ಎಬ್ಬಿಸಿ ತಾವೊಬ್ಬರೇ ಕೂಡುವ ವಿಚಾರವಿದೆಯಂತೆ. ಲೆಕ್ಕ ತಮ್ಮ ಕಡೆಗಿದೆ, ಒಪ್ಪಿದೆವು. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್. ತಮ್ಮಲ್ಲಿ 20ರ ಆಸುಪಾಸು, ಅದರಲ್ಲೂ ಅರ್ಧ ನಾರು. ಕೀಟೋ ಪಥ್ಯದವರಿಗೆ ದಿನಕ್ಕೆ 20ರಿಂದ 50 ಗ್ರಾಂ ಮಾತ್ರ ಪರವಾನಗಿ. ನಮ್ಮ ಒಂದೂವರೆ ರೊಟ್ಟಿಗೆ ಅವರ ದಿನದ ರೇಷನ್ ಖಲಾಸ್.

ಆದರೆ ತಮಗೆ ಜಿಗಿ ಇಲ್ಲ. ಮೈದಾಕ್ಕೆ ಗ್ಲೂಟನ್ ಎಂಬ ಅಂಟಿದೆ, ಗಾಳಿ ಹಿಡಿದು ಕೇಕು ಉಬ್ಬುತ್ತದೆ. ಜೋಳಕ್ಕೂ ಆ ಅಂಟಿಲ್ಲ. ಆದರೂ ನಮ್ಮ ಹೆಣ್ಣುಮಕ್ಕಳು ಎಸರು ಕುದಿಸಿ, ಹಿಟ್ಟಿನ ನಡುವೆ ಕುಣಿ ಮಾಡಿ ಸುರಿದು, ಸುಡುಸುಡುವಾಗಲೇ ನಾದುತ್ತಾರೆ. ಬಿಸಿಗೆ ಪಿಷ್ಟ ಬೆಂದು ಅಂಟಾಗುತ್ತದೆ. ಬಡಿದ ರೊಟ್ಟಿ ಹಂಚಿಗೆ ಬಿದ್ದು, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿಸಿಕೊಂಡರೂ ಹರಿಯುವುದಿಲ್ಲ. ತಮ್ಮಲ್ಲಿ ಗ್ಲೂಟನ್ನೂ ಇಲ್ಲ, ಹೇಳಿಕೊಳ್ಳುವಷ್ಟು ಪಿಷ್ಟವೂ ಇಲ್ಲ. ಅರ್ಧ ಮೈ ಎಣ್ಣೆ. ಎಸರು ಸುರಿದರೆ ಉದುರುದುರು. ಮೈದಾ ಒಂದು ಕಪ್ಪು ತೆಗೆದು ತಮ್ಮನ್ನು ಒಂದು ಕಪ್ಪು ಸುರಿದವರ ಕೇಕು ನಡುವೆ ಕುಸಿದು ಕೂಡುವುದು ಅದಕ್ಕೇ.

ಆಗ ತಮ್ಮನ್ನು ಎತ್ತಿ ನಿಲ್ಲಿಸಲು ಮೊಟ್ಟೆ ಬೇಕು, ಅದೂ ಮೂರು ನಾಲ್ಕು. ಇಲ್ಲೇ ನಮಗೆ ನಗು ಬರುವುದು. ನಮ್ಮ ತಾಲ್ಲೂಕಿನ ಹೊಲದ ತುಂಬ ಗೋವಿನಜೋಳ. ಅದು ತಮ್ಮ ಶಾಸ್ತ್ರದಲ್ಲಿ ಮಹಾಪಾಪಿ, ಒಳಗೆ ಬರುವಂತಿಲ್ಲ. ಆದರೆ ಕೋಳಿ ಫಾರ್ಮಿನ ಆಹಾರದ ಮೂಲವೇ ಗೋವಿನಜೋಳ. ಮುಂಬಾಗಿಲಲ್ಲಿ ತಾವು ಹೊರಗಟ್ಟಿದ ಬಡಪಾಯಿ ಮೊಟ್ಟೆಯಾಗಿ ಹಿತ್ತಲಿನಿಂದ ಬಂದು ತಮ್ಮ ಕೇಕಿಗೇ ಹೆಗಲು ಕೊಡುತ್ತಿದ್ದಾನೆ.

ತಮ್ಮ ಬಳಗವನ್ನೂ ಕಂಡಿದ್ದೇವೆ. ತೆಂಗಿನ ಹಿಟ್ಟು ನೀರು ಕುಡಿಯುವುದರಲ್ಲಿ ನಮ್ಮ ಎರೆಭೂಮಿಯನ್ನೂ ಮೀರಿಸುತ್ತದೆ: ತಮ್ಮ ಒಂದು ಕಪ್ಪಿನ ಜಾಗಕ್ಕೆ ಅದು ಕಾಲು ಕಪ್ಪು ಸಾಕು, ಮೇಲೆ ಇನ್ನಷ್ಟು ಮೊಟ್ಟೆ. ಕಡಲೆಹಿಟ್ಟಿಗೆ ಗ್ಲೂಟನ್ ಇಲ್ಲವೆಂದು ಕೀಟೋ ಪಟ್ಟ ಕಟ್ಟುವವರಿದ್ದಾರೆ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ. ಗ್ಲೂಟನ್ ಇಲ್ಲದ್ದೆಲ್ಲ ಕೀಟೋ ಆಗುವುದಾದರೆ ನಮ್ಮ ಜೋಳದ ಸಂಕಟಿಯೂ ಕೀಟೋ!

ಇನ್ನು ಶೇಂಗಾ. 100 ಗ್ರಾಂಗೆ ಕಾರ್ಬೋಹೈಡ್ರೇಟ್ ಸುಮಾರು 16, ಅದರಲ್ಲೂ ಅರ್ಧದಷ್ಟು ನಾರು. ಪ್ರೋಟೀನು ತಮಗಿಂತ ಒಂದು ಕೈ ಮೇಲು. ಹುರಿದು, ಸಿಪ್ಪೆ ಊದಿ, ಎಣ್ಣೆ ಬಿಡದಂತೆ ತಡೆತಡೆದು ತಿರುವಿದರೆ ತೂಕಕ್ಕೆ ತೂಕ ತಮ್ಮ ಕೆಲಸ ಮಾಡುತ್ತದೆ. ದರ ಮಾತ್ರ ತಮ್ಮ ಅಂತಸ್ತಿಗೆ ಸಾಲದು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಪೇಟೆಯಲ್ಲಿ ಚಂದದ ಪ್ಯಾಕೆಟ್ಟಿನಲ್ಲಿ ಕೂತಿದೆ. ಅದರ ಅಣ್ಣ, ಗಾಣದ ಹಿಂಡಿ, ನಮ್ಮ ಎಮ್ಮೆಗಳ ಮುಂದಿದೆ. ಎಮ್ಮೆಗಳು ಈ ಬಗ್ಗೆ ಎಲ್ಲೂ ಜಂಬ ಕೊಚ್ಚಿಕೊಂಡಿಲ್ಲ.

ಜಿಗಿಗೆ ಅಗಸಿ ಇದೆ. 100 ಗ್ರಾಂಗೆ ಕಾರ್ಬೋಹೈಡ್ರೇಟು 29 ಗ್ರಾಂ, ಅದರಲ್ಲಿ 27 ನಾರೇ. ಪುಡಿ ಒಂದು ಚಮಚ, ನೀರು ಮೂರು ಚಮಚ, ಹತ್ತು ನಿಮಿಷ ಬಿಟ್ಟರೆ ಲೋಳೆ ಕಟ್ಟುತ್ತದೆ. ಒಂದು ಮೊಟ್ಟೆಯ ಅಂಟು ಅದರಿಂದ ಸಿಗುತ್ತದೆ, ಉಬ್ಬು ಮಾತ್ರ ಸಿಗದು. ಇಸಬಗೋಲು ಸಿಕ್ಕರೆ ಇನ್ನೂ ಗಟ್ಟಿ. ಒಲೆಯ ಕಾವು ಕೊಂಚ ಕಡಿಮೆ ಇರಲಿ, ತಾವಾಗಲಿ ಶೇಂಗಾ ಆಗಲಿ ಬೇಗ ಕಪ್ಪಾಗುವವರೇ.

ಆದ್ದರಿಂದ ನಮ್ಮ ತೀರ್ಮಾನ: ತಾವು ಅತಿಥಿಯಾಗಿ ಇರಿ, ಒಂದೆರಡು ಬಿಸ್ಕೀಟಿಗೆ ಬೇಡವೆನ್ನುವುದಿಲ್ಲ. ಯಜಮಾನಿಕೆ ಬೇಡ.

ಇಂತಿ ತಮ್ಮ ವಿಶ್ವಾಸಿ,
ಹಿರೇಕೆರೂರಿನ ಒಬ್ಬ ರೊಟ್ಟಿಭಕ್ತ

ತಾ.ಕ.: ಇದು ಓದುಗರಿಗೆ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಈ ಕೀಟೋ ಪಥ್ಯಕ್ಕೆ ಹೆಸರಿಟ್ಟು ಸೂಚಿಸಿದ್ದು ಮೂರ್ಛೆರೋಗಕ್ಕಾಗಿ, ವೈದ್ಯರ ಕಣ್ಗಾವಲಿನಲ್ಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುತ್ತ ಒಮ್ಮೆಲೇ ರೊಟ್ಟಿ ಬಿಟ್ಟರೆ ಸಕ್ಕರೆ ಅಂಶ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್ ಜಾತಿಯ ಗುಳಿಗೆಯವರಿಗೆ ರಕ್ತ ಆಮ್ಲವಾಗುವ ಅಪಾಯವೂ ಇದೆ. ಹಿಟ್ಟು ಬದಲಿಸುವ ಮೊದಲು ಗುಳಿಗೆಯ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ ಬನ್ನಿ.